ಹಬ್ಬದ ರೊಟ್ಟಿಯ ಪಾಠಾಂತರಗಳು

ಗ್ರಂಥಸಂಪಾದನೆಯನ್ನು ಪಾಠ ಹೇಳುವವರಿಗೆ ಒಂದು ದುರಭ್ಯಾಸ ಅಂಟಿಕೊಳ್ಳುತ್ತದೆ. ಕೈಗೆ ಸಿಕ್ಕ ಯಾವ ಬರಹವನ್ನೂ ಅವರು ಸುಮ್ಮನೆ ಓದಲಾರರು. ಇದರ ಮೂಲ ಯಾವುದು, ಪ್ರತಿಕಾರ ಎಲ್ಲಿ ಎಡವಿದ, ಅಂಚಿನಲ್ಲಿರುವುದು ಯಾರ ಕೈ ಎಂದು ಕೆದಕತೊಡಗುತ್ತಾರೆ. ಹದಿನೆಂಟು ವರುಷಗಳಿಂದ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿರುವ ನನಗೂ ಇದು ಅಂಟಿದೆ. 2023ರ ಚಳಿಗಾಲದಲ್ಲಿ ಈ ದುರಭ್ಯಾಸವನ್ನು ನಾನು ಜರ್ಮನಿಯ ಡ್ರೆಸ್ಡನ್ ನಗರದ ಒಂದು ಅಡಿಗೆಮನೆಗೂ ಕೊಂಡೊಯ್ದೆ. ಅಲ್ಲಿ ನಾನು ಓದಿದುದು ತಾಳೆಗರಿಯನ್ನಲ್ಲ, ಬೆಣ್ಣೆಯ ಕಲೆ ಹತ್ತಿದ ಒಂದು ಟಿಪ್ಪಣಿ ಪುಸ್ತಕವನ್ನು. ಅದರಲ್ಲಿದ್ದುದು ಒಂದೇ ಒಂದು ಪದಾರ್ಥದ ವಿಚಾರ: ಕ್ರಿಸ್ಮಸ್ಸಿಗಾಗಿ ಅಲ್ಲಿನವರು ಮಾಡುವ ಸಿಹಿರೊಟ್ಟಿ, ‘ಸ್ಟೊಲನ್’. ಆ ಪುಸ್ತಕದಿಂದ ನನ್ನಲ್ಲಿ ಒಂದು ಅಭಿಪ್ರಾಯ ಮೂಡಿತು. ಅದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ನಾನು ಅಲ್ಲಿಗೆ ಹೋದುದು ಪ್ರವಾಸಕ್ಕಲ್ಲ, ಬಾಣಂತನಕ್ಕೆ. ನನ್ನ ತಮ್ಮ ಆ ಊರಿನಲ್ಲಿ ಎಂಜಿನಿಯರು. ಅಕ್ಟೋಬರಿನ ಕೊನೆಯಲ್ಲಿ ಅವನ ಹೆಂಡತಿಗೆ ಗಂಡುಮಗು ಹುಟ್ಟಿತು. ಅವಳ ತಾಯಿಗೆ ಮೊಣಕಾಲಿನ ಬೇನೆ. ನಮ್ಮ ತಾಯಿ ತೀರಿಕೊಂಡು ಆರು ವರುಷಗಳಾಗಿದ್ದವು. “ಅಕ್ಕಾ, ನೀನೇ ಬರಬೇಕು” ಎಂದು ತಮ್ಮ ಹೇಳಿದಾಗ ಗಳಿಕೆಯ ರಜೆ ಹಾಕಿ ಹೊರಟೆ. ಪೆಟ್ಟಿಗೆಯಲ್ಲಿ ಅಂಟು, ಒಣಶುಂಠಿ, ಕೊಬ್ಬರಿ, ಓಮದ ಜೊತೆಗೆ ಶಿರಸಿಯ ಕಡೆಯ ನಮ್ಮ ತೋಟದ ಏಲಕ್ಕಿಯದೂ ಒಂದು ಪೊಟ್ಟಣವಿತ್ತು.

ತಮ್ಮನದು ಮೇಲಂತಸ್ತಿನ ಬಾಡಿಗೆಯ ಮನೆ. ಕೆಳಗೆ ಮನೆಯೊಡತಿ ಒಬ್ಬರೇ ಇದ್ದರು. ಎಂಬತ್ತು ವರುಷದ ಹಿರಿಯೆ. ಎತ್ತರದ ಆಳು, ನೆಟ್ಟಗಿನ ನಡಿಗೆ. ಶಾಲೆಯಲ್ಲಿ ಅವರು ಕಲಿತ ಪರಭಾಷೆ ರಷ್ಯನ್, ಇಂಗ್ಲಿಷು ಬಾರದು. ನನಗೆ ಜರ್ಮನ್ ಬಾರದು. ನಡುವೆ ನನ್ನ ತಮ್ಮ ದುಭಾಷಿ. ಅವನು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಕೈಯ ಸನ್ನೆಯೇ ಭಾಷೆ. ಮಗುವನ್ನು ನೋಡಲು ಬಂದ ಅವರಿಗೆ ನಾನು ಒಂದು ಹಿಡಿ ಏಲಕ್ಕಿಯನ್ನು ಕಾಗದದಲ್ಲಿ ಕಟ್ಟಿಕೊಟ್ಟೆ. ಅವರು ಒಂದು ಕಾಯನ್ನು ಬಿಡಿಸಿ ಮೂಸಿ, ಬಹಳ ಹೊತ್ತು ಸುಮ್ಮನಿದ್ದು, ತಮ್ಮನಿಗೆ ಏನೋ ಹೇಳಿದರು. “ಶನಿವಾರ ಸ್ಟೊಲನ್ ಮಾಡುತ್ತಾರಂತೆ. ನೀನೂ ಬರಬೇಕಂತೆ” ಎಂದ ತಮ್ಮ.

ಇಲ್ಲಿ ಆ ರೊಟ್ಟಿಯ ಪೂರ್ವಚರಿತ್ರೆಯನ್ನು ನಾಲ್ಕು ಮಾತಿನಲ್ಲಿ ಹೇಳಬೇಕು. ನನ್ನ ವಾದಕ್ಕೆ ಅದೇ ಆಧಾರ. ಸ್ಯಾಕ್ಸನಿ ಸೀಮೆಯ ಪಕ್ಕದ ನೌಮ್‌ಬುರ್ಗ್ ಎಂಬ ಊರಿನಲ್ಲಿ 1329ರಲ್ಲಿ ಅಲ್ಲಿಯ ಬಿಷಪ್ಪರು ರೊಟ್ಟಿ ಸುಡುವವರ ಸಂಘಕ್ಕೆ ಹಕ್ಕುಪತ್ರ ಕೊಟ್ಟರು. ಅದಕ್ಕೆ ಪ್ರತಿಯಾಗಿ ಕ್ರಿಸ್ಮಸ್ಸಿನ ಹಿಂದಿನ ದಿನ ಗೋದಿಯ ಎರಡು ಉದ್ದನೆಯ ರೊಟ್ಟಿಗಳನ್ನು ಅವರು ಒಪ್ಪಿಸಬೇಕೆಂದಾಯಿತು. ಸ್ಟೊಲನ್ನಿನ ಹೆಸರು ಬರಹದಲ್ಲಿ ಕಾಣಿಸುವ ಮೊದಲ ಸಂದರ್ಭ ಇದೆಂದು ಹೇಳುತ್ತಾರೆ. ಆ ಕಾಲದ ಸ್ಟೊಲನ್ ಹಬ್ಬದ ತಿನಿಸಲ್ಲ, ವ್ರತದ ಆಹಾರ. ಕ್ರಿಸ್ಮಸ್ಸಿಗೆ ಮುಂಚಿನ ವಾರಗಳು ಉಪವಾಸದ ಕಾಲ. ಆಗ ಬೆಣ್ಣೆ, ಹಾಲು ನಿಷಿದ್ಧ. ಹಿಟ್ಟು, ನೀರು, ಹುದುಗು, ಒಂದಿಷ್ಟು ಎಣ್ಣೆ, ಇಷ್ಟರಿಂದಲೇ ರೊಟ್ಟಿಯಾಗಬೇಕು. ಆ ಶೀತದ ಸೀಮೆಯಲ್ಲಿ ಒಳ್ಳೆಯ ಎಣ್ಣೆ ದುರ್ಲಭ. ಸಿಕ್ಕುವ ಎಣ್ಣೆಗೆ ರುಚಿಯಿಲ್ಲ. ಕೊನೆಗೆ ಸ್ಯಾಕ್ಸನಿಯ ಅರಸರು ರೋಮಿಗೆ ಮೊರೆಯಿಟ್ಟರು. 1491ರಲ್ಲಿ ಪೋಪ್ ಎಂಟನೆಯ ಇನ್ನೊಸೆಂಟರು ಎಣ್ಣೆಗೆ ಬದಲಾಗಿ ಬೆಣ್ಣೆಯನ್ನು ಬಳಸಬಹುದೆಂದು ಅಪ್ಪಣೆ ಕೊಟ್ಟರು. ಅದಕ್ಕಾಗಿ ಚರ್ಚಿನ ಕಟ್ಟಡಕ್ಕೆ ಕಾಣಿಕೆ ಸಲ್ಲಬೇಕೆಂಬ ಕಟ್ಟೂ ಇತ್ತು. ಆ ಅಪ್ಪಣೆಗೆ ಜರ್ಮನರು ಇಂದಿಗೂ ‘ಬೆಣ್ಣೆಪತ್ರ’ವೆನ್ನುತ್ತಾರೆ. ವ್ರತದ ರೊಟ್ಟಿ ಹಬ್ಬದ ರೊಟ್ಟಿಯಾದುದು ಹೀಗೆ.

ಅನಂತರ ಅದರ ಭಾಗ್ಯ ತೆರೆಯಿತು. ಡ್ರೆಸ್ಡನ್ನಿನಲ್ಲಿ 1434ರಿಂದ ನಡೆದುಬಂದಿರುವ ಕ್ರಿಸ್ಮಸ್ ಸಂತೆಗೆ ಈ ರೊಟ್ಟಿಯ ಇನ್ನೊಂದು ಹೆಸರೇ ಹೆಸರಾಯಿತು: ‘ಸ್ಟ್ರೀಟ್ಸೆಲ್ ಸಂತೆ’. 1730ರಲ್ಲಿ ಬಲಿಷ್ಠನೆಂದು ಬಿರುದು ಪಡೆದ ಆಗಸ್ಟಸ್ ದೊರೆ ತನ್ನ ಸೇನೆಯ ವೈಭವವನ್ನು ಮೆರೆಸಲು ತ್ಸೈಟ್‌ಹೈನ್ ಬಯಲಿನಲ್ಲಿ ಶಿಬಿರ ಹೂಡಿದಾಗ ಹದಿನೆಂಟು ಕ್ವಿಂಟಲ್ ತೂಕದ ಒಂದು ರೊಟ್ಟಿಯನ್ನು ಮಾಡಿಸಿದ. ಅದರ ನೆನಪಿಗಾಗಿ 1994ರಿಂದ ಪ್ರತಿ ವರುಷ ಡಿಸೆಂಬರಿನ ಒಂದು ಶನಿವಾರ ಟನ್ನುಗಟ್ಟಲೆ ತೂಕದ ಸ್ಟೊಲನ್ನನ್ನು ನಗರದ ಬೀದಿಗಳಲ್ಲಿ ಮೆರವಣಿಗೆ ಮಾಡಿ, ತುಂಡುಮಾಡಿ ಮಾರುತ್ತಾರೆ. 1991ರಲ್ಲಿ ಅಲ್ಲಿಯ ರೊಟ್ಟಿಯಂಗಡಿಗಳವರು ಕೂಡಿ ಒಂದು ರಕ್ಷಣಾ ಸಂಘ ಕಟ್ಟಿಕೊಂಡರು. 2010ರಲ್ಲಿ ಐರೋಪ್ಯ ಒಕ್ಕೂಟ ಈ ಹೆಸರಿಗೆ ಭೌಗೋಳಿಕ ರಕ್ಷಣೆ ಕೊಟ್ಟಿತು. ಡ್ರೆಸ್ಡನ್ನಿನಲ್ಲಿಯೂ ಅದರ ಸುತ್ತಣ ಕೆಲವು ಊರುಗಳಲ್ಲಿಯೂ ಮಾಡಿದುದಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ. ನೂರು ಕಿಲೋ ಹಿಟ್ಟಿಗೆ ಕಡಮೆಯೆಂದರೆ ಐವತ್ತು ಕಿಲೋ ಬೆಣ್ಣೆ, ಅರುವತ್ತೈದು ಕಿಲೋ ಒಣದ್ರಾಕ್ಷಿ, ಇಪ್ಪತ್ತು ಕಿಲೋ ಪಾಕವಿಳಿಸಿದ ನಿಂಬೆ-ಕಿತ್ತಳೆಗಳ ಸಿಪ್ಪೆ, ಹದಿನೈದು ಕಿಲೋ ಬಾದಾಮಿ ಬೀಳಬೇಕು. ಮಾರ್ಗರೀನ್ ಸಲ್ಲದು, ಕೃತಕ ಪರಿಮಳ ಸಲ್ಲದು. ನಿಯಮಕ್ಕೆ ಒಪ್ಪಿದ ರೊಟ್ಟಿಗೆ ಸಂಖ್ಯೆಯುಳ್ಳ ಹೊನ್ನಿನ ಬಣ್ಣದ ಮುದ್ರೆ. ಇದು ಶಾಸನದ ಸ್ಟೊಲನ್.

ಇನ್ನು ಒಡತಿಯಮ್ಮನ ಸ್ಟೊಲನ್. ಶುಕ್ರವಾರ ಸಂಜೆಯೇ ನನ್ನನ್ನು ಕರೆದರು. ದೊಡ್ಡ ಪಿಂಗಾಣಿ ಬೋಗುಣಿಯಲ್ಲಿ ಒಣದ್ರಾಕ್ಷಿ ರಮ್ಮಿನಲ್ಲಿ ನೆನೆಯುತ್ತಿತ್ತು. ನನ್ನ ಮುಖದ ಹಿಂಜರಿಕೆಯನ್ನು ಅವರು ಕಂಡಿರಬೇಕು. ಮೇಲಂತಸ್ತಿನ ಕಡೆಗೆ ಬೆರಳು ತೋರಿ, ಎರಡು ಕೈಗಳನ್ನೂ ಕೂಸನ್ನು ತೂಗುವಂತೆ ಆಡಿಸಿ, ಇನ್ನೊಂದು ಚಿಕ್ಕ ಬೋಗುಣಿಯನ್ನು ಎದುರಿಗಿಟ್ಟರು. ಅದರಲ್ಲಿ ದ್ರಾಕ್ಷಿ ಸೇಬಿನ ರಸದಲ್ಲಿ ನೆನೆಯುತ್ತಿತ್ತು. ಮೊಲೆಯೂಡುವ ತಾಯಿಗೆ ಒಂದು ರೊಟ್ಟಿ ಬೇರೆಯಾಗಿಯೇ ಸಿದ್ಧವಾಗುತ್ತಿದ್ದಿತು.

ಮರುದಿನ ಬೆಳಗ್ಗೆ ಬೆಚ್ಚನೆಯ ಹಾಲಿನಲ್ಲಿ ಹುದುಗನ್ನು ಕದಡಿ, ಸ್ವಲ್ಪ ಹಿಟ್ಟು ಸೇರಿಸಿ, ಬಟ್ಟೆ ಮುಚ್ಚಿಟ್ಟರು. ಅದು ಗುಳ್ಳೆಯೆದ್ದ ಮೇಲೆ ಉಳಿದ ಹಿಟ್ಟು, ಸಕ್ಕರೆ, ಉಪ್ಪು, ಬೆಣ್ಣೆ. ಬೆಣ್ಣೆ ಇಷ್ಟೊಂದಿರುವಾಗ ಹಿಟ್ಟು ಬೇಗನೆ ಉಬ್ಬುವುದಿಲ್ಲ. ಕೊಬ್ಬು ಹುದುಗಿನ ಕೆಲಸವನ್ನು ತಡೆಯುತ್ತದೆ. ಆದುದರಿಂದ ನಾದುವುದು, ಕಾಯುವುದು, ಮತ್ತೆ ನಾದುವುದು. ದ್ರಾಕ್ಷಿಯನ್ನು ಕಟ್ಟಕಡೆಗೆ ಸೇರಿಸುವುದು. ಮೊದಲೇ ಹಾಕಿದರೆ ಜಜ್ಜಿಹೋಗಿ ಹಿಟ್ಟಿಗೆ ಕಪ್ಪುಬಣ್ಣ ಬರುತ್ತದೆ. ಬಾದಾಮಿ, ಮಾದಲದ ಸಿಪ್ಪೆ, ಕಿತ್ತಳೆಯ ಸಿಪ್ಪೆ, ಜಾಪತ್ರೆ. ಹಿಟ್ಟನ್ನು ಉದ್ದಕ್ಕೆ ತಟ್ಟಿ, ಒಂದು ಮಗ್ಗುಲನ್ನು ಮತ್ತೊಂದರ ಮೇಲೆ ಮಡಿಸಿದರು. ಬಟ್ಟೆಯಲ್ಲಿ ಸುತ್ತಿದ ಶಿಶುಯೇಸುವಿನ ಆಕಾರ ಅದಂತೆ. ಆಗತಾನೆ ಮೇಲಿನ ಮನೆಯಲ್ಲಿ ಕೂಸಿಗೆ ಎರೆದು ಸುತ್ತಿ ಮಲಗಿಸಿ ಬಂದಿದ್ದ ನನಗೆ ಆ ಹೋಲಿಕೆಯನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಒಂದು ಗಂಟೆಯ ಕಾಲ ಬೆಂದ ರೊಟ್ಟಿಯನ್ನು ಹೊರತೆಗೆದು, ಬಿಸಿಯಾಗಿರುವಾಗಲೇ ಕರಗಿದ ಬೆಣ್ಣೆ ಸವರಿ, ಸಕ್ಕರೆ ಚೆಲ್ಲಿ, ಆರಿದ ಮೇಲೆ ಹಿಮದಂತೆ ಸಕ್ಕರೆಯ ಪುಡಿಯನ್ನು ಉದುರಿಸಿದರು. ಆ ಬೆಣ್ಣೆ-ಸಕ್ಕರೆಗಳ ಕವಚ ಒಳಗಿನ ತೇವವನ್ನು ಕಾಯುತ್ತದೆ. ಬಟ್ಟೆಯಲ್ಲಿ ಸುತ್ತಿ ತಣ್ಣನೆಯ ನೆಲಮಾಳಿಗೆಯಲ್ಲಿಟ್ಟರೆ ವಾರಗಳ ಮೇಲೆ ವಾರ ಅದು ಮಾಗುತ್ತದೆ. ಮಾಡಿದ ದಿನವೇ ತಿನ್ನುವ ತಿನಿಸಲ್ಲ ಅದು.

ಜಾಪತ್ರೆಯನ್ನು ಹಾಕುವ ಹೊತ್ತಿಗೆ ಒಡತಿಯಮ್ಮ ನನ್ನ ಏಲಕ್ಕಿಯ ಪೊಟ್ಟಣವನ್ನು ತೆಗೆದು ಮೇಜಿನ ಮೇಲಿಟ್ಟರು. ಒಡನೆಯೇ ಹಾಕಲಿಲ್ಲ. ಒಳಗೆ ಹೋಗಿ, ಹಸಿರು ರಟ್ಟಿನ ಟಿಪ್ಪಣಿ ಪುಸ್ತಕವೊಂದನ್ನು ತಂದು ಹಾಳೆ ತಿರುವಿದರು. ಅದು ಅವರ ತಾಯಿಯದು. ಮದುವೆಯಾದ 1938ರಲ್ಲಿ ಬರೆಯಲು ತೊಡಗಿದುದು. ತಾಯಿಯ ಅನಂತರ ಮಗಳು ಮುಂದುವರಿಸಿದ್ದರು. ವರುಷಕ್ಕೆ ಒಂದು ಪುಟ. ಮೊದಲಿನ ಪುಟಗಳು ಹಳೆಯ ಜರ್ಮನ್ ಕೂಡುಬರಹದಲ್ಲಿದ್ದವು. ಇಂದಿನ ತರುಣ ಜರ್ಮನರಿಗೂ ಅದು ಓದಲು ಬಾರದು. ನಮ್ಮ ಕಡೆಯ ಮೋಡಿ ಲಿಪಿಯ ಗತಿಯೇ ಅದಕ್ಕೂ ಬಂದಿದೆ. ಒಡತಿಯಮ್ಮ ಓದಿದರು, ತಮ್ಮ ಕನ್ನಡದಲ್ಲಿ ಹೇಳಿದ, ನಾನು ಕಾಗದದ ಮೇಲೆ ಬರೆದುಕೊಂಡೆ. ಅಂದಿನ ಮಧ್ಯಾಹ್ನ ಆ ಮನೆಯಲ್ಲಿ ನಡೆದುದು ಗ್ರಂಥಸಂಪಾದನೆಯೇ.

1938ರ ಪುಟದಲ್ಲಿ ಪೂರ್ಣವಾದ ವಿಧಾನವಿದೆ. ಇಂದಿನ ಶಾಸನದ ಪ್ರಮಾಣಕ್ಕೆ ಅದು ಬಹಳ ಸಮೀಪದ್ದು. ಅಲ್ಲಿಂದ ಮುಂದೆ ಯುದ್ಧದ ವರುಷಗಳು. ಬೆಣ್ಣೆ ಕಾಲು ಭಾಗಕ್ಕಿಳಿಯುತ್ತದೆ, ಬಾದಾಮಿ ಮಾಯವಾಗುತ್ತದೆ. 1945ರ ಪುಟದಲ್ಲಿ ಇಸವಿಯನ್ನು ಬಿಟ್ಟು ಒಂದಕ್ಷರವೂ ಇಲ್ಲ. ಆ ವರುಷದ ಫೆಬ್ರವರಿ 13ರ ರಾತ್ರಿ ತೊಡಗಿದ ಬಾಂಬುದಾಳಿಯಲ್ಲಿ ಡ್ರೆಸ್ಡನ್ನಿನ ನಡುಭಾಗ ಉರಿದುಹೋಯಿತು. ಒಡತಿಯಮ್ಮ ಆಗ ಎರಡು ವರುಷ ತುಂಬದ ಕೂಸು. 1946ರಲ್ಲಿ ಒಂದೇ ರೊಟ್ಟಿ. ಹಿಟ್ಟಿಗೆ ಬೇಯಿಸಿದ ಆಲೂಗಡ್ಡೆ ಬೆರಸಿದ್ದಾರೆ. ಅನಂತರದ್ದು ಪೂರ್ವ ಜರ್ಮನಿಯ ಕಾಲ. ಒಣದ್ರಾಕ್ಷಿ, ಬಾದಾಮಿ, ಮಾದಲದ ಸಿಪ್ಪೆ ಇವೆಲ್ಲ ಹೊರದೇಶದ ಹಣ ಕೊಟ್ಟು ತರಿಸಬೇಕಾದ ಸರಕುಗಳು. ಅಂಗಡಿಯಲ್ಲಿ ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಆಗ ಅಲ್ಲಿನವರು ಹಸಿರು ಟೊಮೇಟೊ, ಗಜ್ಜರಿಗಳನ್ನು ಸಕ್ಕರೆಯ ಪಾಕದಲ್ಲಿ ಇಳಿಸಿ ಸಿಪ್ಪೆಗೆ ಬದಲು ಹಾಕಿದರು. ಬಾದಾಮಿಗೆ ಬದಲು ಜರದಾಳಿನ ಬೀಜ. ಪಶ್ಚಿಮ ಜರ್ಮನಿಯಲ್ಲಿ ನೆಂಟರಿದ್ದವರಿಗೆ ಅಲ್ಲಿಂದ ದ್ರಾಕ್ಷಿ, ಬಾದಾಮಿಗಳ ಕಟ್ಟು ಬರುತ್ತಿತ್ತು. ಇಲ್ಲಿಂದ ಸ್ಟೊಲನ್ ಮರಳಿ ಹೋಗುತ್ತಿತ್ತು. ದೇಶವನ್ನು ಸೀಳಿದ ಗಡಿಯನ್ನು ಈ ರೊಟ್ಟಿ ಅಂಚೆಯಲ್ಲಿ ದಾಟುತ್ತಿದ್ದಿತು. 1990ರಲ್ಲಿ ಜರ್ಮನಿ ಒಂದಾಯಿತು. ಆ ವರುಷದ ಪುಟದಲ್ಲಿ ಎಲ್ಲವೂ ತುಂಬಿದೆ. ಕೆಳಗೆ ಒಡತಿಯಮ್ಮನ ಕೈಯಲ್ಲಿ ಒಂದು ಸಾಲು: “ಅಮ್ಮನಿಗೆ ಟೊಮೇಟೊವಿನದೇ ಇಷ್ಟವಾಗಿತ್ತು.”

ಸಂಜೆ ಮೇಲಿನ ಮನೆಯಲ್ಲಿ ನನಗೂ ತಮ್ಮನಿಗೂ ವಾದ ಬಿದ್ದಿತು. ಆ ಟೊಮೇಟೊ ರೊಟ್ಟಿಗೆ ಇಂದು ಮುದ್ರೆ ಸಿಕ್ಕದಲ್ಲ, ಇದೆಂಥ ಶಾಸನ ಎಂದೆ. ತಮ್ಮ ನಕ್ಕ. “ಅಕ್ಕಾ, ನೀನು ಸಾಹಿತ್ಯದವಳು, ನಿನಗೆ ಎಲ್ಲವೂ ಪಾಠಾಂತರವೇ. ಕೊಳ್ಳುವವನ ಗತಿ ಏನು? ಎಲ್ಲೋ ಒಂದು ಕಾರ್ಖಾನೆಯವನು ಮಾರ್ಗರೀನು ಹಾಕಿ, ಡ್ರೆಸ್ಡನ್ ಎಂದು ಚೀಟಿ ಅಂಟಿಸಿ ಮಾರಿದರೆ ಇಲ್ಲಿನ ಚಿಕ್ಕ ಅಂಗಡಿಯವರು ಉಳಿಯುತ್ತಾರೆಯೆ? ನಮ್ಮ ಧಾರವಾಡದ ಪೇಡೆಗೆ ಇಂಥದೇ ಗುರುತು ಸಿಕ್ಕಿದೆಯೆಂದು ನೀನೇ ಹಿಗ್ಗಿ ಹೇಳಿದ್ದೆ.”

ಅವನ ಮಾತು ಸರಿ. ಅದನ್ನು ನಾನು ಮುಚ್ಚಿಡಲಾರೆ. ಸಂತೆಯಲ್ಲಿ ಕೊಳ್ಳುವವನು ಮಾಡಿದವರ ಕೈಯನ್ನು ಕಾಣಲಾರ. ಕಾಣದ ಕೈಯನ್ನು ನಂಬಬೇಕಾದರೆ ಒಂದು ಮುದ್ರೆ ಬೇಕು, ಮುದ್ರೆಗೆ ಒಂದು ಪ್ರಮಾಣ ಬೇಕು. ಅಷ್ಟರ ಮಟ್ಟಿಗೆ ಶಾಸನ ನ್ಯಾಯವಾದುದು. ನನ್ನ ಆಕ್ಷೇಪ ಶಾಸನದ ಮೇಲಲ್ಲ. ಸಂತೆಯ ಶಾಸನವನ್ನು ತಂದು ಮನೆಯ ನೆನಪಿನ ಮೇಲೆ ಹೇರುವ ನಮ್ಮ ಮನೋಭಾವದ ಮೇಲೆ. ಮುದ್ರೆಯೊಂದು ಬಂದೊಡನೆ, ಮುದ್ರೆಯಿರುವುದು ಮಾತ್ರ ನಿಜವಾದುದು, ಉಳಿದುದೆಲ್ಲ ನಕಲಿ ಎಂಬ ಭ್ರಮೆ ಹುಟ್ಟುತ್ತದೆ. ನಾವು ಅಷ್ಟಕ್ಕೇ ನಿಲ್ಲುವುದಿಲ್ಲ. ಹಿಂದಿನ ಕಾಲವನ್ನೂ ಆ ಅಳತೆಗೋಲಿನಿಂದಲೇ ಅಳೆಯತೊಡಗುತ್ತೇವೆ. ಟೊಮೇಟೊ ಹಾಕಿ ಮಾಡಿದ ತಾಯಿ ಆ ವರುಷ ಸ್ಟೊಲನ್ ಮಾಡಲೇ ಇಲ್ಲವೆಂದು ತೀರ್ಪು ಕೊಡುತ್ತೇವೆ.

ಈ ತೀರ್ಪು ಚರಿತ್ರೆಯ ಮುಂದೆ ನಿಲ್ಲದು. ಶಾಸನದ ಜೀವಾಳ ಬೆಣ್ಣೆ. ಆದರೆ ಬೆಣ್ಣೆಯೇ ಒಂದು ಕಾಲಕ್ಕೆ ಬದಲಿಯಾಗಿ ಬಂದುದಲ್ಲವೆ? 1491ಕ್ಕೆ ಮೊದಲಿನ ಎಣ್ಣೆಯ ರೊಟ್ಟಿಯನ್ನು ಇಂದಿನ ಪರೀಕ್ಷಕರ ಮುಂದಿಟ್ಟರೆ ಅದು ಮೊದಲ ಸುತ್ತಿನಲ್ಲಿಯೇ ಬಿದ್ದುಹೋಗುತ್ತದೆ. ಯಾವುದನ್ನು ಮೂಲವೆಂದು ಕಾಯುತ್ತಿದ್ದೇವೆಯೋ ಅದು ಮೂಲವಲ್ಲ. ಅದೂ ಒಂದು ಪಾಠಾಂತರ, ಪೋಪರ ಅಪ್ಪಣೆ ಪಡೆದ ಪಾಠಾಂತರ. ಇನ್ನು ಉಳಿದ ಸಾಮಗ್ರಿಗಳನ್ನು ನೋಡಿ. ದ್ರಾಕ್ಷಿ, ಬಾದಾಮಿ, ಮಾದಲಗಳು ಬಿಸಿಲಿನ ದಕ್ಷಿಣದವು. ಜಾಪತ್ರೆ ಮಲುಕು ದ್ವೀಪಗಳ ಬೆಳೆ. ರಮ್ಮು ಕಬ್ಬಿನ ನಾಡಿನದು. ಹಿಟ್ಟು, ಹಾಲು, ಬೆಣ್ಣೆಗಳನ್ನು ಬಿಟ್ಟರೆ ಸ್ಯಾಕ್ಸನಿಯದೆನ್ನಬಹುದಾದ ವಸ್ತು ಅದರಲ್ಲಿ ಹೆಚ್ಚಿಲ್ಲ. ಆದರೂ ಅದು ಸ್ಯಾಕ್ಸನಿಯದೇ. ಸೂರ್ಯ ನಾಲ್ಕು ಗಂಟೆಗೇ ಮುಳುಗುವ ಡಿಸೆಂಬರಿನಲ್ಲಿ, ತನ್ನ ನೆಲದಲ್ಲಿ ಬೆಳೆಯದ ಬಿಸಿಲಿನ ಹಣ್ಣುಗಳನ್ನು ಒಂದು ರೊಟ್ಟಿಯೊಳಗೆ ಕೂಡಿಟ್ಟುಕೊಳ್ಳುವ ಜಾಣ್ಮೆ ಅವರದು, ವಸ್ತು ಅವರದಲ್ಲ. ವಸ್ತುವಿನ ಶುದ್ಧಿಯ ಮೇಲೆ ಸಂಪ್ರದಾಯವನ್ನು ನಿಲ್ಲಿಸ ಹೊರಟವರು ಇದನ್ನು ಯೋಚಿಸಬೇಕು.

“ಹಾಗಾದರೆ ಏನು ಹಾಕಿದರೂ ಸರಿಯೆ? ಹೆಸರಿಟ್ಟುದೆಲ್ಲವೂ ಸ್ಟೊಲನ್ನೇ?” ಎಂದು ವಾಚಕರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಗ್ರಂಥಸಂಪಾದಕನೂ ಎಲ್ಲ ಪಾಠಗಳೂ ಸಮವೆನ್ನುವುದಿಲ್ಲ. ಪ್ರತಿಗಳನ್ನು ಎದುರೆದುರಿಟ್ಟು, ಎಲ್ಲದರಲ್ಲಿಯೂ ಬದಲಾಗದೆ ನಿಂತಿರುವುದು ಯಾವುದೆಂದು ಮೊದಲು ಹುಡುಕುತ್ತಾನೆ. ನಾನೂ ನನ್ನ ಕಾಗದಗಳನ್ನು ಹರಡಿಕೊಂಡು ಅದನ್ನೇ ಮಾಡಿದೆ. ಬೆಣ್ಣೆ ಬದಲಾಗಿತ್ತು. ದ್ರಾಕ್ಷಿ, ಬಾದಾಮಿ, ಸಿಪ್ಪೆ ಎಲ್ಲವೂ ಬದಲಾಗಿದ್ದವು. ಒಂದು ವರುಷ ಹಿಟ್ಟೇ ಬದಲಾಗಿತ್ತು. ಬದಲಾಗದೆ ಉಳಿದುದು ಮೂರು: ಮಾಡುವ ಕಾಲ, ಮಡಿಸುವ ಆಕಾರ, ಮತ್ತು ಪುಟದ ಕೊನೆಯಲ್ಲಿ ಒಂದು ಹೆಸರುಗಳ ಪಟ್ಟಿ. ಯಾವ ರೊಟ್ಟಿ ಯಾರಿಗೆ ಎಂಬ ಪಟ್ಟಿ ಅದು. ಹಿಂದೆ ಸ್ಯಾಕ್ಸನಿಯ ಗೃಹಿಣಿಯರು ತಮ್ಮ ಸಾಮಗ್ರಿಯನ್ನು ರೊಟ್ಟಿಯಂಗಡಿಯ ದೊಡ್ಡ ಒಲೆಗೆ ಒಯ್ದು ಸುಡಿಸುತ್ತಿದ್ದರು. ಗುರುತು ತಪ್ಪದಿರಲೆಂದು ರೊಟ್ಟಿಗೆ ತಗಡಿನ ಚಿಕ್ಕ ಹೆಸರುಬಿಲ್ಲೆ ಚುಚ್ಚುತ್ತಿದ್ದರು. ಆದುದರಿಂದ ಪಟ್ಟಿ ಬರೆದಿಡುವುದು ಆ ಮನೆಯಲ್ಲಿ ಹಳೆಯ ರೂಢಿಯಿದ್ದಿರಬೇಕು. ಒಂದೇ ರೊಟ್ಟಿ ಮಾಡಿದ 1946ರಲ್ಲಿಯೂ ಪಟ್ಟಿಯಿದೆ. ನಾಲ್ಕು ಹೆಸರುಗಳು, ಎದುರಿಗೆ “ಕಾಲು, ಕಾಲು, ಕಾಲು, ನಮಗೆ ಕಾಲು.”

ಪದಾರ್ಥಗಳೆಲ್ಲ ಬದಲಾಗಿಯೂ ಆ ತಾಯಿಯ ಕೈಯಲ್ಲಿ ಸ್ಟೊಲನ್ ಸ್ಟೊಲನ್ನಾಗಿಯೇ ಉಳಿಯಿತೆಂದು ನಾನು ಹೇಳುವುದು ಈ ಆಧಾರದ ಮೇಲೆ. ಕೊರತೆಯ ವರುಷದಲ್ಲಿ ಅದನ್ನು ಮಾಡದೆ ಬಿಟ್ಟಿದ್ದರೆ ಸಂಪ್ರದಾಯ ಮುರಿಯುತ್ತಿತ್ತು; ಟೊಮೇಟೊ ಹಾಕಿದುದರಿಂದ ಮುರಿಯಲಿಲ್ಲ. ಹಬ್ಬವನ್ನು ಕಾಯ್ದುಕೊಂಡು ಬಂದವರು ತುಂಬಿದ ಕಣಜದವರು ಮಾತ್ರವಲ್ಲ. ಕಣಜ ಬರಿದಾದಾಗ ಕೈಗೆ ಸಿಕ್ಕಿದುದರಲ್ಲಿ ಹಬ್ಬದ ಆಕಾರವನ್ನು ಮಡಿಸಿದವರೂ ಹೌದು. ಶಾಸನದ ಪ್ರತಿಯಲ್ಲಿ ಅವರ ಹೆಸರಿಗೆ ಎಡೆಯಿಲ್ಲ. ಎಡೆ ಕೊಡಬೇಕಾದವರು ನೆನಪಿಟ್ಟುಕೊಂಡ ನಾವು.

ಈ ಮಾತನ್ನು ಇಷ್ಟು ಒತ್ತಿ ಹೇಳಲು ನನಗೊಂದು ಸ್ವಂತ ಕಾರಣವಿದೆ. ನಾನು ಏಳನೆಯ ತರಗತಿಯಲ್ಲಿದ್ದ ವರುಷ ಮಳೆ ಬಿಡದೆ ಹೊಡೆದು, ಅಡಕೆಯ ತೋಟಕ್ಕೆ ಕೊಳೆರೋಗ ಬಿದ್ದು, ಬೆಳೆ ಉದುರಿಹೋಯಿತು. ಮುಂದಿನ ಯುಗಾದಿಗೆ ಅಂಗಡಿಯಲ್ಲಿ ಕಡಲೆಬೇಳೆಯ ಉದ್ದರಿ ಹುಟ್ಟಲಿಲ್ಲ. ಅಮ್ಮ ಹಿತ್ತಲಿನ ಗೆಣಸನ್ನು ಬೇಯಿಸಿ, ಬೆಲ್ಲ, ಏಲಕ್ಕಿ ಹಾಕಿ ಹೂರಣ ಮಾಡಿ ಹೋಳಿಗೆ ತಟ್ಟಿದಳು. ಗೆಣಸಿನ ಹೋಳಿಗೆ ಹಲವು ಮನೆಗಳಲ್ಲಿ ಹಬ್ಬಕ್ಕೇ ಮಾಡುವ ಒಳ್ಳೆಯ ತಿನಿಸೆಂದು ನನಗೆ ಆಗ ತಿಳಿಯದು. ನಮ್ಮ ಮನೆಯ ಯುಗಾದಿಯೆಂದರೆ ಬೇಳೆಯದು. “ಇದು ಹೋಳಿಗೆಯೇ ಅಲ್ಲ” ಎಂದು ಎಲೆಯ ಮುಂದಿನಿಂದ ಎದ್ದೆ. ಅಮ್ಮ ಬೈಯಲಿಲ್ಲ. ನನ್ನ ಎಲೆಯಲ್ಲಿದ್ದುದನ್ನು ತೆಗೆದು ತಮ್ಮನ ಎಲೆಗೆ ಹಾಕಿದಳು. ಆ ಮೇಲೆ ಒಳ್ಳೆಯ ವರುಷಗಳು ಬಂದವು. ಅವಳು ಮತ್ತೆಂದೂ ಗೆಣಸಿನದನ್ನು ಮಾಡಲಿಲ್ಲ. ಅದರ ಅಳತೆಯನ್ನು ನಾನು ಎಂದೂ ಕೇಳಿ ಬರೆದುಕೊಳ್ಳಲಿಲ್ಲ. ಈಗ ಕೇಳಲು ಅವಳಿಲ್ಲ. ಪಾಠಾಂತರವನ್ನು ತಳ್ಳಿಹಾಕಿದ ಸಂಪಾದಕನನ್ನು ತರಗತಿಯಲ್ಲಿ ಎಷ್ಟು ಸಲ ಟೀಕಿಸಿದ್ದೇನೆಯೋ ನಾನರಿಯೆ; ಮನೆಯಲ್ಲಿ ಆ ತಪ್ಪನ್ನು ಮಾಡಿದವಳು ನಾನೇ.

ಜರ್ಮನಿಯ ಮಾತು ಬಂದಾಗ ಕನ್ನಡದ ಅಧ್ಯಾಪಕರಿಗೆ ಫರ್ಡಿನಾಂಡ್ ಕಿಟ್ಟೆಲ್ಲರ ನೆನಪು ಬಾರದೆ ಇರದು. ಉತ್ತರ ಜರ್ಮನಿಯ ಕಡಲಂಚಿನ ಸೀಮೆಯಲ್ಲಿ 1832ರಲ್ಲಿ ಹುಟ್ಟಿ, ಬಾಸೆಲ್ ಮಿಷನ್ನಿನವರಾಗಿ ನಮ್ಮಲ್ಲಿಗೆ ಬಂದ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಆ ನಿಘಂಟಿನ ಹಿರಿಮೆಗೆ ಕಾರಣಗಳು ಹಲವು; ನನಗೆ ಮುಖ್ಯವಾಗಿ ಕಾಣುವುದು ಒಂದು. ಹಳಗನ್ನಡದ ರೂಪವನ್ನು ಕೊಟ್ಟು ಅವರು ಕೈತೊಳೆದುಕೊಳ್ಳಲಿಲ್ಲ. ಒಂದೇ ಪದದ ಬೇರೆಬೇರೆ ರೂಪಗಳನ್ನೂ ತದ್ಭವಗಳನ್ನೂ ಆಡುನುಡಿಯ ಗಾದೆಗಳನ್ನೂ ಕೂಡಿಸಿಟ್ಟರು. ಯಾವುದು ಪ್ರಾಚೀನ, ಯಾವುದು ಸವೆದ ರೂಪ ಎಂಬ ವಿವೇಕ ಅವರಿಗಿತ್ತು. ಸವೆದುದನ್ನು ಎಸೆಯುವ ಅವಸರವಿರಲಿಲ್ಲ. ಪ್ರಮಾಣವನ್ನು ಕಾಯುವುದು ಬೇರೆ, ಪ್ರಮಾಣಕ್ಕೆ ಒಪ್ಪದುದನ್ನು ಅಳಿಸುವುದು ಬೇರೆ. ಈ ಎರಡನ್ನು ಬೇರೆಬೇರೆಯಾಗಿ ಕಾಣುವ ಕಣ್ಣು ಭಾಷೆಗೆ ಬೇಕಾದಂತೆಯೇ ಅಡಿಗೆಮನೆಗೂ ಬೇಕೆಂಬುದು ನನ್ನ ನಂಬಿಕೆ.

ಏಲಕ್ಕಿಯ ಸಂಗತಿ ಅರ್ಧಕ್ಕೇ ನಿಂತಿತು. ಅಂದು ಒಡತಿಯಮ್ಮ ಪುಸ್ತಕದಲ್ಲಿ ಹುಡುಕುತ್ತಿದ್ದುದು, ತಮ್ಮ ತಾಯಿ ಎಂದಾದರೂ ಏಲಕ್ಕಿ ಹಾಕಿದ್ದುಂಟೇ ಎಂದು. ಕೆಲವು ಮನೆಗಳವರು ಹಾಕುವುದುಂಟು. ಅವರ ಮನೆಯಲ್ಲಿ ಜಾಪತ್ರೆಯಷ್ಟೇ. ಯಾವ ಪುಟದಲ್ಲಿಯೂ ಏಲಕ್ಕಿ ಸಿಕ್ಕಲಿಲ್ಲ. ಪುಸ್ತಕವನ್ನು ಮುಚ್ಚಿ, ಕಾಯಿಗಳನ್ನು ಬಿಡಿಸಿ, ಬೀಜವನ್ನು ಒರಳಿನಲ್ಲಿ ಕುಟ್ಟಿ, ಸೇಬಿನ ರಸದ ದ್ರಾಕ್ಷಿಯಿದ್ದ ಆ ಒಂದು ರೊಟ್ಟಿಗೆ ಮಾತ್ರ ಹಾಕಿದರು. ಉಳಿದ ಐದು ಅವರ ತಾಯಿಯ ಪಾಠದಂತೆಯೇ ಆದವು. ಎಷ್ಟು ಬಿಡಬೇಕು, ಎಷ್ಟು ಹಿಡಿಯಬೇಕು ಎಂಬುದನ್ನು ನಾನು ಈ ಲೇಖನದಲ್ಲಿ ಇಷ್ಟುದ್ದ ಹೇಳಬೇಕಾಯಿತು. ಅವರು ಮಾತಿಲ್ಲದೆ ಮಾಡಿ ತೋರಿಸಿದರು.

ಕ್ರಿಸ್ಮಸ್ಸಿನ ದಿನ ಆ ರೊಟ್ಟಿ ಮೇಲೆ ಬಂದಿತು. ಅದನ್ನು ತುದಿಯಿಂದ ಕೊಯ್ಯಬಾರದಂತೆ. ನಟ್ಟನಡುವೆ ಕೊಯ್ದು, ಬೇಕಾದಷ್ಟು ತೆಗೆದು, ಉಳಿದ ಎರಡು ಭಾಗಗಳನ್ನು ಒಂದಕ್ಕೊಂದು ಒತ್ತಿಡಬೇಕು. ಹಾಗೆ ಮಾಡಿದರೆ ಒಳಮೈ ಒಣಗುವುದಿಲ್ಲ. ಬಾಣಂತಿ ಎರಡು ಹೋಳು ತಿಂದಳು. ಹುದುಗಿನ ಮಂದವಾದ ಹುಳಿ, ಬೆಣ್ಣೆಯ ಜಿಡ್ಡು, ಎಲ್ಲಕ್ಕಿಂತ ಹಿಂದಿನಿಂದ ನಮ್ಮ ತೋಟದ ವಾಸನೆ ಬಂದಿತು. ಹೊರಡುವ ಮುನ್ನ ಆ ವರುಷದ ಪುಟವನ್ನು ತೋರಿಸೆಂದು ಕೇಳಿದೆ. ತಮ್ಮ ಓದಿ ಹೇಳಿದ. ಪ್ರಮಾಣಗಳಾದ ಮೇಲೆ, “ಏಲಕ್ಕಿ, ಮೇಲಿನ ಮನೆಯ ಅಕ್ಕನ ತೋಟದ್ದು, ಒಂದರಲ್ಲಿ ಮಾತ್ರ.” ಅದರ ಕೆಳಗೆ ಪಟ್ಟಿ. ಆರು ಹೆಸರುಗಳಲ್ಲಿ ಕೊನೆಯದು ಎರಡು ತಿಂಗಳ ಕೂಸಿನದು.

ಊರಿಗೆ ಬಂದ ಮೇಲೆ 2024ರ ಯುಗಾದಿಗೆ ನಾನು ಗೆಣಸಿನ ಹೋಳಿಗೆ ಮಾಡಿದೆ. ಹೂರಣ ನೀರಾಗಿ ಕಣಕ ಹರಿಯಿತು. ನಾಲ್ಕು ಹೋಳಿಗೆ ಕೆಟ್ಟು, ಆರು ಉಳಿದವು. ಅಮ್ಮನ ಅಳತೆ ಇದಲ್ಲವೆಂದು ನನಗೆ ಗೊತ್ತು. ಆದರೂ ಒಂದು ಹೊಸ ಟಿಪ್ಪಣಿ ಪುಸ್ತಕ ತಂದು, ಇಸವಿ ಹಾಕಿ, ಕೆಟ್ಟುದನ್ನೂ ಉಳಿದುದನ್ನೂ ಬರೆದೆ; ಕೊಟ್ಟವರ ಹೆಸರನ್ನೂ ಬರೆದೆ. ನನ್ನ ವಿದ್ಯಾರ್ಥಿಗಳಿಗೂ ಈ ಪುಟವನ್ನು ಓದುವ ತರುಣ ತರುಣಿಯರಿಗೂ ನನ್ನದೊಂದೇ ಬಿನ್ನಹ. ರಜೆಗೆ ಮನೆಗೆ ಹೋದಾಗ ತಾಯಿಯನ್ನೋ ಅಜ್ಜಿಯನ್ನೋ ಹಬ್ಬದ ಅಡಿಗೆಯ ಅಳತೆ ಕೇಳಿ. ಅವರು ಒಳ್ಳೆಯ ವರುಷದ ಅಳತೆಯನ್ನೇ ಹೇಳುತ್ತಾರೆ. ಅದನ್ನು ಬರೆದುಕೊಂಡ ಮೇಲೆ ಏಳಬೇಡಿ. ಬೆಳೆ ಹೋದ ವರುಷ ಏನು ಮಾಡಿದಿರಿ ಎಂದು ಇನ್ನೊಂದು ಸಲ ಕೇಳಿ, ಅದನ್ನೂ ಬರೆದುಕೊಳ್ಳಿ.